ಸ್ಟೀರಿಂಗ್ ಮಾತ್ರ ನೆಟ್ಟಗಿತ್ತು

"ಸವೆದ ಟೈರ್ ಮುಂದೆ ಹೀಗೆ ಇಷ್ಟು ಹೊತ್ತು ಕೂರಬಾರದು. ನೋಡೋರು ಯಾರೋ ಹೋಗಿಬಿಟ್ರು ಅಂದ್ಕೋತಾರೆ," ಅಂದರು ನಮ್ಮತ್ತೆ.

ಕಾರು ಲಿಫ್ಟಿನ ಮೇಲೆ, ನಮ್ಮ ತಲೆಯ ಎತ್ತರದಲ್ಲಿ ನಿಂತಿತ್ತು. ಬಿಚ್ಚಿದ ಮುಂದಿನ ಎರಡು ಟೈರುಗಳನ್ನು ಗೋಡೆಗೆ ಒರಗಿಸಿದ್ದರು. ನಾನು ಅವುಗಳ ಎದುರು ಕುಕ್ಕರಗಾಲಲ್ಲಿ ಕೂತಿದ್ದೆ. ಹೊರಗಿನ ಅಂಚಿನಲ್ಲಿ ರಬ್ಬರಿನ ಗೀರುಗಳು ಆಳವಾಗಿದ್ದವು, ಉಗುರು ಮುಳುಗುತ್ತಿತ್ತು. ಒಳಗಿನ ಅಂಚು ನುಣ್ಣಗೆ ಬೋಳಾಗಿತ್ತು. ಒಂದು ಕಡೆಯಂತೂ ರಬ್ಬರೇ ಹೋಗಿ ತಂತಿ ಇಣುಕುತ್ತಿತ್ತು.

ಎಡದ್ದೂ ಹಾಗೇ, ಬಲದ್ದೂ ಹಾಗೇ.

ಶಾಲೆಯಿಂದ ನಿವೃತ್ತರಾದ ಹೆಡ್ ಮೇಡಂ ಅವರ ಈ ಎಲೆಕ್ಟ್ರಿಕ್ ಕಾರಿಗೆ ಎಷ್ಟು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಮತ್ತೆ ಕೆಡುತ್ತಿತ್ತು. ಯಾಕೆ ಕೆಡುತ್ತಿದೆ ಎಂದು ಇವತ್ತು ಸಂಜೆಯೊಳಗೆ ನಾನು ಹೇಳದಿದ್ದರೆ ಕಾರಿನ ಕೀ ಅವರ ಮಗನ ಜೇಬು ಸೇರುತ್ತಿತ್ತು, ಮತ್ತೆ ಹೊರಗೆ ಬರುತ್ತಿರಲಿಲ್ಲ.

"ಬ್ಯಾಟರಿ ಗಾಡಿ ಮೇಡಂ," ಅಂದ ಅಂಗಡಿಯವನು ನನಗೆ. ಚಕ್ರದ ಕೋನ ಅಳೆಯುವ ಲೇಸರ್ ಯಂತ್ರ ತಂದ ದಿನದಿಂದ ಅವನ ಹೆಸರೇ ಲೇಸರ್ ಎಂದಾಗಿತ್ತು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ. "ಹೊಟ್ಟೆ ತುಂಬ ಬ್ಯಾಟರಿ. ಆನೆ ಭಾರ. ಇಷ್ಟು ಭಾರ ಹೊತ್ತರೆ ಟೈರ್ ಸವೀದೆ ಇರುತ್ತಾ?"

"ನಾನೂ ಭಾರವೇ," ಅಂದರು ನಮ್ಮತ್ತೆ. "ನನ್ನ ಚಪ್ಪಲಿ ಒಂದೇ ಕಡೆ ಸವೆಯಲ್ಲ."

"ತೋರಿಸಿ ನೋಡೋಣ."

ನಮ್ಮತ್ತೆ ಒಂದು ಚಪ್ಪಲಿ ಬಿಟ್ಟು ಕಾಲಿನಿಂದಲೇ ಮಗುಚಿ ತೋರಿಸಿದರು. ಹಿಮ್ಮಡಿಯ ಹೊರಮೂಲೆ ಪೂರ್ತಿ ಸವೆದಿತ್ತು. ನಮ್ಮತ್ತೆ ಚಪ್ಪಲಿ ಮೆಟ್ಟಿಕೊಂಡು, ಅದು ಕೊಂಡಾಗಲೇ ಹಾಗಿತ್ತು ಎಂದರು.

ಅವರನ್ನು ನನ್ನ ಸಹಾಯಕಿ ಎಂದು ನಾನು ನೇಮಿಸಿದ್ದಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತರಾದವರು. ಬೇರೆಯವರ ಮಾತು ಕೇಳುವುದು ಸಂಬಳದ ಜೊತೆ ನಿಲ್ಲುವ ಅಭ್ಯಾಸವಲ್ಲ. ನಾನು ಪತ್ತೇದಾರಿ ಕೇಸಿಗೆಂದು ಹೊರಟರೆ ನನಗಿಂತ ಮೊದಲು ಅವರು ಬಾಗಿಲಲ್ಲಿ ಇರುತ್ತಾರೆ.

"ಮೇಡಂ ಮಗ ಏನಂತಾನೆ ಗೊತ್ತಲ್ಲ," ಅಂದೆ ಲೇಸರ್‌ಗೆ. "ಅಮ್ಮ ಫುಟ್‌ಪಾತ್‌ಗೆ ಚಕ್ರ ಗುದ್ದುತ್ತಿದ್ದಾರೆ, ಇಲ್ಲಾಂದ್ರೆ ನೀವು ಬೇಕಂತಲೇ ಅರ್ಧಂಬರ್ಧ ಮಾಡಿ ಕಳಿಸ್ತೀರಿ."

"ಅರ್ಧಂಬರ್ಧನಾ? ನನ್ನ ಯಂತ್ರ ನೋಡಿ."

"ಯಂತ್ರ ಆಮೇಲೆ ನೋಡ್ತೀನಿ. ಮೊದಲು ಚಕ್ರ."

ಫುಟ್‌ಪಾತಿಗೆ ತಾಗಿದ ಚಕ್ರಕ್ಕೆ ಹೊರಮೈಯಲ್ಲಿ ಗಾಯವಿರುತ್ತದೆ. ಇಲ್ಲಿ ಒಂದು ಗೀಚೂ ಇರಲಿಲ್ಲ. ಮೇಡಂ ಎಲ್ಲಿಗೂ ಗುದ್ದಿರಲಿಲ್ಲ.

ಇನ್ನು ಯಂತ್ರ. ಟೈರ್ ಬಿಚ್ಚುವ ಮೊದಲು ಲೇಸರ್ ಅಳತೆ ತೆಗೆದಿದ್ದ, ಪರದೆಯ ಮೇಲೆ ಚಿತ್ರ ಇನ್ನೂ ಇತ್ತು. ಮುಂದಿನ ಎರಡು ಚಕ್ರಗಳೂ ಮೂಗನ್ನು ಹೊರಕ್ಕೆ ತಿರುಗಿಸಿಕೊಂಡಿದ್ದವು, ಹಿಮ್ಮಡಿ ಜೋಡಿಸಿ ಪಾದ ಅಗಲಿಸಿ ನಿಂತವರ ಹಾಗೆ. ಹಾಗೆ ಓಡಿದರೆ ಒಳ ಅಂಚು ಸವೆಯದೆ ಬೇರೆ ದಾರಿಯಿಲ್ಲ.

"ಒಂದು ವಿಷಯ ನನ್ನ ತಲೆಗೆ ಹೋಗ್ತಿಲ್ಲ," ಅಂದ ಲೇಸರ್, ಸ್ವರ ತಗ್ಗಿಸಿ. ತಲೆಗೆ ಹೋಗದ ವಿಷಯಗಳೂ ಇವೆ ಎಂದು ಗಿರಾಕಿಗಳಿಗೆ ಗೊತ್ತಾಗುವುದು ಅವನಿಗೆ ಇಷ್ಟವಿರಲಿಲ್ಲ. "ಚಕ್ರ ಇಷ್ಟು ತಪ್ಪಿದ್ರೆ ಸ್ಟೀರಿಂಗ್ ಸೊಟ್ಟ ಇರಬೇಕು. ಮೊದಲೆರಡು ಸಲ ಬಂದಾಗ ಇತ್ತು. ಈಗ ನೋಡಿದ್ರೆ ಸ್ಟೀರಿಂಗ್ ಬೈತಲೆ ತೆಗೆದ ಹಾಗೆ ನೆಟ್ಟಗಿದೆ."

"ಎರಡೂ ಚಕ್ರ ಸಮವಾಗಿ ತಪ್ಪಿದ್ರೆ?"

"ಆಗ ನೆಟ್ಟಗಿರುತ್ತೆ. ಆದ್ರೆ ತಾನಾಗೇ ಹಾಗೆ ತಪ್ಪಲ್ಲ."

ನನಗೂ ಹಾಗೇ ಅನ್ನಿಸಿತು. ಇಷ್ಟು ನ್ಯಾಯವಾಗಿ ಕೆಡುವುದು ವಸ್ತುಗಳ ಸ್ವಭಾವವಲ್ಲ.

"ಹೋದ ಸಲ ನಟ್ ಬಿಗಿ ಮಾಡಿದ ಮೇಲೆ ಹಳದಿ ಬಣ್ಣದಲ್ಲಿ ಗೆರೆ ಎಳೆದಿದ್ದೆ," ಅಂದ ಅವನು. "ನಟ್ ಮೇಲೂ ರಾಡ್ ಮೇಲೂ ಸೇರೋ ಹಾಗೆ ಒಂದೇ ಗೆರೆ. ಮಾತು ಬಂತಲ್ಲ ನನ್ನ ಮೇಲೆ, ಅದಕ್ಕೆ."

"ಇವತ್ತು ಆ ಗೆರೆ ನೋಡಿದ್ರಾ?"

"ಎಳೆದಿದ್ದೇ ನಾನು. ಮತ್ತೆ ನೋಡೋದೇನಿದೆ?"

ಲೇಸರ್ ಕಣ್ಣು ಪರದೆಯಿಂದ ಈಚೆ ಬರುವುದು ಊಟಕ್ಕೆ ಮಾತ್ರ. ನಾನು ಟಾರ್ಚ್ ಹಿಡಿದು ಕಾರಿನ ಅಡಿಗೆ ಹೋದೆ. ಸ್ಟೀರಿಂಗಿನಿಂದ ಪ್ರತಿ ಮುಂದಿನ ಚಕ್ರಕ್ಕೂ ಟೈ ರಾಡ್ ಎಂಬ ಒಂದು ರಾಡ್ ಹೋಗುತ್ತದೆ. ಅದನ್ನು ತಿರುಗಿಸಿದರೆ ಚಕ್ರದ ಮೂಗು ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಅದು ಅಲ್ಲಾಡದಂತೆ ಹಿಡಿಯುವುದು ಒಂದು ನಟ್.

ಬಲಗಡೆ ಹಳದಿ ಗೆರೆ ಮುರಿದಿತ್ತು. ನಟ್ ಮೇಲಿನ ಅರ್ಧ ಒಂದು ಕಡೆ, ರಾಡ್ ಮೇಲಿನ ಅರ್ಧ ಇನ್ನೊಂದು ಕಡೆ. ನಟ್‌ನ ಮೂಲೆಗಳನ್ನು ಇಲಿ ಕಚ್ಚಿದಂತಿತ್ತು. ಅಳತೆಗೆ ಸರಿಹೊಂದದ ಸ್ಪ್ಯಾನರ್ ಹಾಕಿ ಯಾರೋ ಗುದ್ದಾಡಿದ್ದರು.

ಎಡಗಡೆ ಹೋದೆ. ಅಲ್ಲೂ ಗೆರೆ ಮುರಿದಿತ್ತು. ಆದರೆ ನಟ್‌ನ ಒಂದು ಮೂಲೆಯೂ ಕೆಟ್ಟಿರಲಿಲ್ಲ. ಸರಿಯಾದ ಅಳತೆಯ ಸ್ಪ್ಯಾನರ್, ಅವಸರವಿಲ್ಲದ ಕೈ.

"ಏನು ಸಿಕ್ತು?" ಅಂತ ನಮ್ಮತ್ತೆ ಬಗ್ಗಿದರು.

"ಎರಡು ಕೈ," ಅಂದೆ. "ಒಂದು ಒರಟು, ಒಂದು ನಯ."

"ಗಂಡ ಹೆಂಡತಿ ಇರಬೇಕು."

ಹೆಡ್ ಮೇಡಂ ಆ ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೈರ್ ಕಂಪನಿಯ ಜಾಹೀರಾತು ಪುಸ್ತಕ ಓದುತ್ತಿದ್ದರು. ಕೈಯಲ್ಲಿ ಕೆಂಪು ಪೆನ್ನಿತ್ತು. ಇಂಥ ಕಡೆ ಸಿಗುವ ಪುಸ್ತಕಗಳಿಗೂ ಅವರು ಅಂಕ ಕೊಡುತ್ತಿದ್ದರು. ನಾನು ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ, ಅವರು ತಲೆಯೆತ್ತಿ ನೋಡಿದಾಗ ನಾನು ಟಾರ್ಚನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ಗೊತ್ತಾಯ್ತಾ?" ಅಂದರು.

"ಅರ್ಧ ಗೊತ್ತಾಯ್ತು ಮೇಡಂ."

"ಅರ್ಧಕ್ಕೆ ಪಾಸ್ ಇಲ್ಲ."

*

ಹೊಸ ಟೈರ್ ಹಾಕಿ, ಚಕ್ರಗಳನ್ನು ಸರಿಗೆ ತಂದು, ಹೊಸ ಗೆರೆ ಎಳೆದಾದ ಮೇಲೆ ಟೆಸ್ಟ್ ಡ್ರೈವ್. ಮೇಡಂ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಲೇಸರ್. ಹಿಂದೆ ನಾನು ಮತ್ತು ನಮ್ಮತ್ತೆ.

ಅಂಗಡಿಯ ಆಚೆ ಊರು ಮುಗಿಯುತ್ತದೆ, ರಸ್ತೆ ಶುರುವಾಗುತ್ತದೆ. ಒಂದು ತಿರುವಿಲ್ಲ, ಒಂದು ಉಬ್ಬಿಲ್ಲ, ಸ್ಕೇಲ್ ಇಟ್ಟು ಗೀಚಿದ ಹಾಗೆ. ಮೇಡಂ ಸೀಟಿನಲ್ಲಿ ಸ್ವಲ್ಪ ಸರಿದು ಕೂತರು. ಕಾರು ಸದ್ದಿಲ್ಲದೆ ಮುಂದಕ್ಕೆ ನುಗ್ಗಿತು. ನಮ್ಮತ್ತೆಯ ಬೆನ್ನು ಸೀಟಿಗೆ ಅಂಟಿತು.

"ಈಗ ಕೈ ಬಿಡಿ ಮೇಡಂ," ಅಂದ ಲೇಸರ್.

ಮೇಡಂ ಕೈ ಬಿಟ್ಟರು. ಕಾರು ನೂಲು ಹಿಡಿದಂತೆ ನೇರ ಹೋಯಿತು.

"ನೋಡಿ, ಯಾವ ಕಡೆಗೂ ಎಳೀತಿಲ್ಲ. ಸಾಕು, ತಿರುಗಿಸಿ."

"ಇನ್ನು ಸ್ವಲ್ಪ ದೂರ ನೋಡೋಣ. ಪರೀಕ್ಷೆ ಅಂದ್ರೆ ಪರೀಕ್ಷೆ ಥರ ಇರಬೇಕು."

"ಪ್ರತಿ ಸಲ ಹೀಗೇ," ಅಂತ ಲೇಸರ್ ಹಿಂದೆ ತಿರುಗಿ ನನಗೆ ದೂರು ಕೊಟ್ಟ. "ಬೇರೆ ಗಿರಾಕಿಗಳು ಆ ಕಂಬದ ತನಕ ಹೋಗಿ ವಾಪಸ್ ಬರ್ತಾರೆ. ಇವರ ಜೊತೆ ಬಂದ ದಿನ ನಂಗೆ ಊಟ ಇಲ್ಲ."

ನಾನು ಕನ್ನಡಿಯಲ್ಲಿ ಮೇಡಂ ಮುಖ ನೋಡುತ್ತಿದ್ದೆ. ಈ ಕೇಸು ಹಿಡಿದ ಮೇಲೆ ಅವರನ್ನು ಮನೆಯ ಹಾಲ್‌ನಲ್ಲಿ, ಅಡುಗೆಮನೆಯಲ್ಲಿ, ಅಂಗಡಿಯಲ್ಲಿ ನೋಡಿದ್ದೆ. ಎಲ್ಲ ಕಡೆಯೂ ಬೆಲ್ ಹೊಡೆಯಲು ಕಾಯುತ್ತಿರುವವರ ಮುಖ. ಈಗ ಬೆಲ್ ಹೊಡೆದಿತ್ತು.

ರಸ್ತೆ ಮುಗಿಯುವ ತನಕ ಅವರು ತಿರುಗಿಸಲಿಲ್ಲ.

*

ಲೇಸರ್‌ನನ್ನು ಅಂಗಡಿಯಲ್ಲಿ ಇಳಿಸಿ ಮೇಡಂ ಮನೆಗೆ ಬಂದೆವು. ಅವರ ಬೀದಿಯ ಕೊನೆಯಲ್ಲೇ ಇನ್ನೊಂದು ಟೈರ್ ಅಂಗಡಿ ಇದ್ದದ್ದು ನನ್ನ ಕಣ್ಣಿಗೆ ಬಿತ್ತು. ವೀಲ್ ಅಲೈನ್‌ಮೆಂಟ್ ಮಾಡಿಕೊಡಲಾಗುತ್ತದೆ ಎಂದು ಬೋರ್ಡ್.

ಮನೆಯ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ ಒಂದು ಓಣಿಯಷ್ಟೇ. ಎದುರಿನ ಗೋಡೆಯಲ್ಲಿ ಚಾರ್ಜರ್. ಮೇಡಂ ಮೂಗು ಒಳಗೆ ಮಾಡಿ, ಎಡಗಡೆ ಕಾಂಪೌಂಡ್ ಗೋಡೆಗೆ ಒತ್ತಿಸಿ ನಿಲ್ಲಿಸಿದರು. ನಾವಿಬ್ಬರೂ ಬಲಬಾಗಿಲಿನಿಂದ ಇಳಿದೆವು. ನಮ್ಮತ್ತೆ ಸೀಟಿನ ಮೇಲೆ ಜಾರಿಕೊಂಡು ಬರುವಾಗ ತಮ್ಮ ಮೊಣಕಾಲಿಗೆ ಏನೇನೋ ಅಂದರು.

"ಮೇಡಂ, ನಿಮ್ಮ ಬೀದೀಲೇ ಅಂಗಡಿ ಇದೆ. ಅಷ್ಟು ದೂರ ಯಾಕೆ ಹೋಗ್ತೀರಿ?"

"ಇವನು ದಾರ ಕಟ್ಟಿ ಅಳೀತಾನೆ. ನನ್ನ ಮಗ ದಾರ ಒಪ್ಪಲ್ಲ. ಲೇಸರೇ ಆಗಬೇಕು." ಉತ್ತರ ಮೊದಲೇ ಬರೆದಿಟ್ಟಂತೆ ಬಂತು.

ತರಗತಿಯಲ್ಲಿ ಯಾರು ಮಾಡಿದ್ದು ಎಂದು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ಬೇರೆ ಪ್ರಶ್ನೆ ಕೇಳಿದೆ.

"ಒಂದು ಸಲಕ್ಕೆ ಎಷ್ಟು ತಿರುಗಿಸ್ತೀರಿ?"

"ಅರ್ಧ ಸುತ್ತು," ಅಂದರು ಮೇಡಂ.

ಆಮೇಲೆ ಬಾಯಿ ಮುಚ್ಚಿದರು. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಅವರಿಂದ ಆಗದ ಕೆಲಸ. ಆ ಅಭ್ಯಾಸಕ್ಕೆ ಅವರು ಜೀವನದಲ್ಲಿ ಮೊದಲ ಸಲ ಪೆಟ್ಟು ತಿಂದಿದ್ದರು.

ನಮ್ಮತ್ತೆ ಕಾಂಪೌಂಡಿನ ಕಟ್ಟೆಯ ಮೇಲೆ ಕೂತರು. ಒಳ್ಳೆಯ ಮಾತು ಶುರುವಾಗುವಾಗ ಅವರಿಗೆ ಕೂರಲು ಜಾಗ ಬೇಕು.

"ಸ್ಪ್ಯಾನರ್ ಎಲ್ಲಿಂದ?" ಕೇಳಿದೆ.

"ಆನ್‌ಲೈನ್‌ನಲ್ಲಿ ತರಿಸಿದೆ. ಏನಿದು ಅಂತ ಮಗ ಕೇಳಿದ. ಡಬ್ಬಿ ಮುಚ್ಚಳ ಬಿಗಿಯಾಗಿದೆ, ಅದಕ್ಕೆ ಅಂದೆ. ನಂಬಿದ. ಹೆತ್ತ ಮಗ, ಅಮ್ಮನ ಕೈಯಲ್ಲಿ ಸ್ಪ್ಯಾನರ್ ನೋಡಿದ್ರೂ ಅವನಿಗೆ ಡಬ್ಬಿನೇ ಕಾಣಿಸುತ್ತೆ."

"ಬಗ್ಗಿ ಮಾಡ್ತೀರಾ, ಈ ವಯಸ್ಸಲ್ಲಿ?" ನಮ್ಮತ್ತೆಯ ದನಿಯಲ್ಲಿ ಖಂಡನೆ ಇರಲಿಲ್ಲ, ಅಸೂಯೆ ಇತ್ತು.

"ದಿಂಬು ಹಾಕ್ಕೊಂಡು ಮಂಡಿ ಊರ್ತೀನಿ. ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ರೆ ನಟ್ ಕೈಗೆ ಸಿಗುತ್ತೆ. ಹಳೇ ಕಾರಿನ ಕಾಲದಿಂದ ಲೇಸರ್ ಮಾಡೋದು ನೋಡಿ ನೋಡಿ ಕಲಿತೆ. ಅವನು ಪರದೆ ನೋಡ್ತಿರ್ತಾನೆ, ನಾನು ಅವನ ಕೈ ನೋಡ್ತಿದ್ದೆ."

"ಯಾಕೆ ಮೇಡಂ?"

ಅವರು ಕಾರಿನ ಬಾನೆಟ್ ಮೇಲೆ ಕೈಯಿಟ್ಟರು. "ಈ ಗಾಡಿಗೆ ಮಗ ಫೋನ್‌ನಲ್ಲಿ ನಕ್ಷೆ ಮೇಲೆ ಒಂದು ಗೆರೆ ಹಾಕಿಟ್ಟಿದ್ದಾನೆ. ಅದರೊಳಗೆ ಲೈಬ್ರರಿ, ಬ್ಯಾಂಕು, ತರಕಾರಿ ಅಂಗಡಿ ಅಷ್ಟೇ. ಗೆರೆ ದಾಟಿದ್ರೆ ಅವನ ಫೋನ್ ಕೂಗುತ್ತೆ, ಅವನು ನನ್ನ ಮೇಲೆ ಕೂಗ್ತಾನೆ. ಸ್ಟೀರಿಂಗ್ ಸೊಟ್ಟ ಆಗಿದೆ ಅಂದ್ರೆ ಮಾತ್ರ, ಇವತ್ತೇ ಲೇಸರ್ ಹತ್ರ ಹೋಗಿ ಬಾ ಅಂತಾನೆ. ಆ ರಸ್ತೆ ನೋಡಿದ್ರಲ್ಲ? ಅಲ್ಲಿ ಓಡಿಸುವಾಗ ನಾನು ಯಾರ ಅಮ್ಮನೂ ಅಲ್ಲ, ಯಾರ ಅತ್ತೆಯೂ ಅಲ್ಲ, ಯಾರ ಮೇಡಮ್ಮೂ ಅಲ್ಲ."

ನಮ್ಮತ್ತೆ ಮೂಗು ಒರೆಸಿಕೊಂಡರು.

"ಹಾಗಾದ್ರೆ ಪತ್ತೇದಾರರನ್ನ ಯಾಕೆ ಕರೆಸಿದ್ರಿ?" ಕೇಳಿದೆ.

"ನಾನೆಲ್ಲಿ ಕರೆಸಿದೆ? ಹೊರಗಿನವರು ನೋಡಲಿ ಅಂತ ಅವನು ಹಟ ಹಿಡಿದ. ಯಾರನ್ನ ಕರೆಯೋದು ಅನ್ನೋದು ನನಗೆ ಬಿಟ್ಟಿದ್ದ. ನೀವು ಕಳೆದುಹೋದ ನಾಯಿ ಹುಡುಕೋರು ಅಂತ ಕೇಳಿದ್ದೆ. ಕಾರಿನ ತನಕ ಬರಲ್ಲ ಅಂದ್ಕೊಂಡೆ."

"ಆ ನಾಯಿ ಸಿಕ್ತು," ಅಂದರು ನಮ್ಮತ್ತೆ, ಗಂಭೀರವಾಗಿ.

"ಆದ್ರೆ ಮೇಡಂ, ಟೈರ್ ಈ ಮಟ್ಟಕ್ಕೆ ಬರುತ್ತೆ ಅಂತ ಗೊತ್ತಿರಲಿಲ್ವಾ?" ಕೇಳಿದೆ ನಾನು.

"ಅರ್ಧ ಸುತ್ತಿಗೆ ಅಷ್ಟಾಗಲ್ಲ. ಸೊಟ್ಟ ಆಗುತ್ತೆ, ಹೋಗ್ತೀನಿ, ಸರಿ ಮಾಡಿಸ್ಕೊಂಡು ಬರ್ತೀನಿ. ಎರಡು ಸಲ ಹಾಗೇ ನಡೀತು. ಆಮೇಲೆ ಗಾಡಿ ವಿಚಿತ್ರ ಮಾಡೋಕೆ ಶುರು ಮಾಡ್ತು. ನಾನು ಬೆಳಿಗ್ಗೆ ತಿರುಗಿಸಿಟ್ರೆ, ಮಾರನೇ ದಿನ ಸ್ಟೀರಿಂಗ್ ತಾನಾಗೇ ನೆಟ್ಟಗಿರೋದು."

"ತಾನಾಗೇ?"

"ಹೊಸ ಕಾಲದ ಗಾಡಿ. ಕಂಪನಿಯವರು ಫೋನಿಗೆ ಕಳಿಸೋ ಹಾಗೆ ಇದಕ್ಕೂ ಅಪ್‌ಡೇಟ್ ಕಳಿಸ್ತಾರಂತೆ. ಸ್ಟೀರಿಂಗೂ ಅದರಲ್ಲೇ ಸರಿ ಹೋಗುತ್ತೇನೋ ಅಂದ್ಕೊಂಡೆ."

ನಮ್ಮತ್ತೆ ಹೌದೌದು ಎಂದು ತಲೆಯಾಡಿಸಿದರು. ಅವರ ಫೋನಿನಲ್ಲೂ ಹೀಗೆ ಎಷ್ಟೋ ಆಗುತ್ತಿತ್ತು.

"ಅದಕ್ಕೆ ಇನ್ನರ್ಧ ಸುತ್ತು ತಿರುಗಿಸಿದೆ. ಮತ್ತೆ ನೆಟ್ಟಗಾಯ್ತು. ಮತ್ತೆ ತಿರುಗಿಸಿದೆ. ಒಂದು ಯಂತ್ರದ ಮುಂದೆ ಸೋಲೋಕಾಗುತ್ತಾ?"

ನಾನು ಎರಡು ಅಂಗೈಗಳನ್ನು ಮುಂದೆ ಚಾಚಿ ತೋರಿಸಿದೆ. "ನೀವು ಈ ಬಲಚಕ್ರದ ಮೂಗನ್ನ ಹೊರಕ್ಕೆ ತಿರುಗಿಸ್ತೀರಿ. ಸ್ಟೀರಿಂಗ್ ಸೊಟ್ಟ ಆಗುತ್ತೆ. ಆಮೇಲೆ ಈ ಎಡಚಕ್ರದ್ದನ್ನೂ ಅಷ್ಟೇ ಹೊರಕ್ಕೆ ತಿರುಗಿಸಿದ್ರೆ ಸ್ಟೀರಿಂಗ್ ನೆಟ್ಟಗಾಗುತ್ತೆ. ಆದ್ರೆ ಚಕ್ರಗಳು ಇದೊಂದು ಕಡೆ, ಅದೊಂದು ಕಡೆ ಎಳೆದಾಡ್ತಾ ಓಡ್ತವೆ. ಒಳಗಡೆ ಸವೀತವೆ. ನೀವು ಹೆಚ್ಚು ತಿರುಗಿಸಿದಷ್ಟೂ ಅದೂ ಹೆಚ್ಚು."

ಮೇಡಂ ನನ್ನ ಎಡಗೈಯನ್ನೇ ನೋಡಿದರು. "ಎಡಗಡೆ ನಾನು ಮುಟ್ಟೇ ಇಲ್ಲ."

"ಗೊತ್ತು. ಅಲ್ಲಿ ಸ್ಪ್ಯಾನರ್ ಹಾಕಿದವರಿಗೆ ಕೆಲಸ ಬರುತ್ತೆ."

ಅವರಿಗೆ ಆ ಮಾತು ಚುಚ್ಚಿತು. ಆದರೆ ನಾಲ್ಕೂ ಕಡೆ ಕಣ್ಣಾಡಿಸಿ, ನನ್ನ ತಲೆಯಲ್ಲಿದ್ದದ್ದನ್ನು ಅವರೇ ಹೇಳಿದರು. "ಎಡಗಡೆ ಗೋಡೆ ಇದೆ. ಅಂಗೈ ಅಗಲ ಸಂದಿ. ಆ ಚಕ್ರ ಮುಟ್ಟಬೇಕಾದ್ರೆ ಗಾಡಿ ಹಿಂದಕ್ಕೆ ತೆಗೀಬೇಕು."

"ಈ ಮನೇಲಿ ಯಾರಿಗೆಲ್ಲ ಡ್ರೈವಿಂಗ್ ಬರುತ್ತೆ?"

"ನನಗೆ, ನನ್ನ ಮಗನಿಗೆ. ಸೊಸೆಗೆ ಬರಲ್ಲ. ಔಷಧಿ ಅಂಗಡೀಲಿ ಫಾರ್ಮಸಿಸ್ಟ್ ಅವಳು. ಬೆಳಿಗ್ಗೆ ಅವನೇ ತನ್ನ ಕಾರಲ್ಲಿ ಬಿಡ್ತಾನೆ, ಸಂಜೆ ಅವನೇ ಕರ್ಕೊಂಡು ಬರ್ತಾನೆ. ಮುಂದಿನ ಸೀಟಲ್ಲೂ ಕೂರಿಸಲ್ಲ, ಹಿಂದಿನದೇ ಸೇಫ್ ಅಂತ."

"ಮಗನೇ," ಅಂದರು ನಮ್ಮತ್ತೆ ಕಟ್ಟೆಯಿಂದ. "ಅಮ್ಮನ ಕೈಲಿ ಗಾಡಿ ಹಾಳಾಗ್ತಿದೆ ಅಂತ ತೋರಿಸೋಕೆ ಅವನೇ ಹಾಳು ಮಾಡ್ತಿದ್ದಾನೆ."

"ಲೇಸರ್ ಮೇಲೆ ಹಾಕೋ ಹಾಗಿಲ್ಲ," ಅಂದರು ಮೇಡಂ. "ಮಾಡದ ತಪ್ಪಿಗೆ ಯಾವ ಹುಡುಗನನ್ನೂ ಬೆಂಚಿನ ಮೇಲೆ ನಿಲ್ಲಿಸಿದವಳಲ್ಲ ನಾನು. ನಂದು ನಾನು ಹೇಳ್ತೀನಿ. ಕೀ ಹೋದ್ರೆ ಹೋಗಲಿ."

ಹೋದ್ರೆ ಹೋಗಲಿ ಅನ್ನುವಾಗ ಅವರು ಕೀಯನ್ನು ಎರಡು ಕೈಯಲ್ಲಿ ಹಿಡಿದಿದ್ದರು.

"ಹೇಳಿ," ಅಂದೆ. "ಆದ್ರೆ ಒಂದು ಮಾಡಿ. ನಟ್ ತಿರುಗಿಸಿದ್ದು ನಾನು ಅಂತ ಮಾತ್ರ ಹೇಳಿ. ಬಲ, ಎಡ ಅಂತ ಬಾಯಿ ಬಿಡಬೇಡಿ. ಎಡಗಡೆಯ ವಿಷಯ ಗೊತ್ತಿರೋರು ತಾವಾಗೇ ಎತ್ತಲಿ."

"ಕಾಪಿ ಹೊಡೆದವರನ್ನ ಹಿಡಿಯೋ ಹಾಗೆ," ಅಂದರು ಮೇಡಂ. ಮೊದಲ ಸಲ ನನಗೆ ಅಂಕ ಬಿದ್ದಂತಿತ್ತು.

*

ಮಗ ಬಂದ. ವಿಮಾ ಕಂಪನಿಯಲ್ಲಿ ಸರ್ವೇಯರ್. ಅಪಘಾತವಾದ ಗಾಡಿಗಳ ಸುತ್ತ ತಿರುಗಿ ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ಬರೆಯುವ ಕೆಲಸ. ಮನೆಗೆ ಬಂದವನು ನಮ್ಮನ್ನೂ ಹಾಗೇ ಒಂದು ಸುತ್ತು ನೋಡಿದ. ಅವನ ಹಿಂದೆ ಬಂದ ಹೆಂಡತಿ ನಕ್ಕು, ಕೈ ತೊಳೆಯಲು ಒಳಗೆ ಹೋದಳು.

"ಹೇಳಿ ಮೇಡಂ," ಅಂದ ನನಗೆ, ಊಟದ ಮೇಜಿನ ತುದಿಯ ಕುರ್ಚಿ ಎಳೆದುಕೊಂಡು. "ಅಮ್ಮನಾ, ಲೇಸರಾ?"

"ನಾನು," ಅಂದರು ಹೆಡ್ ಮೇಡಂ.

"ನೀನು ಫುಟ್‌ಪಾತ್‌ಗೆ ಗುದ್ದಿದ್ದು ತಾನೇ? ನಂಗೆ ಗೊತ್ತಿತ್ತು."

"ಗುದ್ದಿಲ್ಲ. ಚಕ್ರದ ನಟ್ ತಿರುಗಿಸಿದ್ದು ನಾನು. ಸ್ಪ್ಯಾನರ್ ಹಾಕಿ."

ಅವನು ನನ್ನನ್ನು ನೋಡಿದ. ನಮ್ಮತ್ತೆಯನ್ನು ನೋಡಿದ. ನಾವಿಬ್ಬರೂ ತಮಾಷೆ ಮಾಡುವವರ ಹಾಗೆ ಕಾಣಲಿಲ್ಲವೆಂದು ತೋರುತ್ತದೆ.

"ಡಬ್ಬಿ ಮುಚ್ಚಳ ತೆಗೆಯೋ ಸ್ಪ್ಯಾನರಾ?"

"ಅದೇ."

ನಾನು ಅವನ ಬಾಯಿಂದ ಒಂದು ಮಾತಿಗಾಗಿ ಕಾಯುತ್ತಿದ್ದೆ. ಎಡಗಡೆಯದ್ದೂ ನೀನೇನಾ ಎಂದು ಅವನು ಕೇಳಿದರೆ ಕೇಸು ಮುಗಿಯಿತು. ನಮ್ಮತ್ತೆ ಅವನಿಗೆ ಅನುಕೂಲವಾಗಲೆಂದು ತಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟು ಆಡಿಸುತ್ತಿದ್ದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ.

ಅವನು ಆ ಮಾತು ಕೇಳಲಿಲ್ಲ. ಬಿಳಿಚಿಕೊಂಡ.

"ಟೈ ರಾಡ್ ನಟ್ ಅಮ್ಮ ಅದು," ಅಂದ. ಸ್ವರ ಏರಲಿಲ್ಲ, ಇಳಿಯಿತು. "ಅದು ಸಡಿಲ ಆದ ಗಾಡಿ ನಾನು ನೋಡಿದ್ದೀನಿ. ನುಜ್ಜುಗುಜ್ಜಾಗಿತ್ತು. ಅದು ಗಾಡಿ ಅಂತ ರಿಪೋರ್ಟಲ್ಲಿ ನಾನೇ ಬರೀಬೇಕಿತ್ತು, ನೋಡಿದ್ರೆ ಗೊತ್ತಾಗ್ತಿರಲಿಲ್ಲ. ಒಂದು ಚಕ್ರ ಒಂದು ಕಡೆ ನೋಡುತ್ತೆ, ಇನ್ನೊಂದು ಇನ್ನೊಂದು ಕಡೆ. ಆಮೇಲೆ ಯಾರು ಹಿಡಿದರೂ ನಿಲ್ಲಲ್ಲ. ನಿನಗೆ ಹೇಗೆ ಹೇಳಲಿ."

"ಬಿಗಿ ಮಾಡ್ತಿದ್ದೆ ಕಣೋ. ಪ್ರತಿ ಸಲ."

"ಡಬ್ಬಿ ಸ್ಪ್ಯಾನರ್‌ನಲ್ಲಿ."

ನಮ್ಮತ್ತೆ ನನ್ನ ಕಡೆ ಬಾಗಿ, ಇವನಲ್ಲ ಅಂತ ಪಿಸುಗುಟ್ಟಿದರು. ಎಕ್ಸ್‌ಚೇಂಜಿನಲ್ಲಿ ಕಲಿತ ಪಿಸುಮಾತು, ಮೇಜಿಗೆಲ್ಲ ಕೇಳಿಸಿತು.

ಆ ನಟ್‌ಗೆ ಇಷ್ಟು ಹೆದರುವವನು ಅದಕ್ಕೆ ಕೈ ಹಾಕಲಾರ. ಇವನಲ್ಲ ಎಂದು ನನಗೂ ಗೊತ್ತಾಗಿತ್ತು. ಹಾಗಾದರೆ ಗಾಡಿ ಹಿಂದಕ್ಕೆ ತೆಗೆಯಲು ಬರುವವರು ಈ ಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ. ನನ್ನ ಲೆಕ್ಕ ಅಲ್ಲಿಗೆ ನಿಂತಿತು.

"ಕೀ ಕೊಡು ಅಮ್ಮ."

"ಯಾಕೆ ಮಾಡಿದೆ ಅಂತ ಕೇಳಲ್ವಾ?"

"ಯಾಕಾದ್ರೂ ಮಾಡಿರು. ಕೀ ಕೊಡು. ಇನ್ಮೇಲೆ ಎಲ್ಲಿಗೆ ಬೇಕಂದ್ರೂ ನಾನೇ ಬಿಡ್ತೀನಿ. ಇವಳನ್ನ ಬಿಡಲ್ವಾ? ಇವಳು ಯಾವತ್ತಾದ್ರೂ ಬೇಡ ಅಂದಿದ್ದಾಳಾ?"

ಮೇಡಂ ಕೀಯನ್ನು ಮೇಜಿನ ಮಧ್ಯಕ್ಕೆ ತಳ್ಳಿದರು, ಉತ್ತರ ಪತ್ರಿಕೆ ಕೊಡುವವರ ಹಾಗೆ, ಅವನ ಕಡೆ ನೋಡದೆ. ಅವನು ಕೈ ಚಾಚಿದ.

ಅಷ್ಟರಲ್ಲಿ ಒಳಗಿನಿಂದ ನೀರಿನ ಲೋಟಗಳ ತಟ್ಟೆ ಹಿಡಿದು ಬಂದಿದ್ದ ಫಾರ್ಮಸಿಸ್ಟ್ ಸೊಸೆ, ತಟ್ಟೆಯನ್ನು ಒಂದು ತೊಟ್ಟೂ ಚೆಲ್ಲದಂತೆ ಇಳಿಸಿ, ಅದೇ ಕೈಯನ್ನು ಕೀಯ ಮೇಲೆ ಇಟ್ಟಳು.

"ಅಷ್ಟೂ ಅತ್ತೆ ಮೇಲೆ ಹಾಕಬೇಡಿ," ಅಂದಳು. "ಎಡಗಡೆದು ಅವರು ಮುಟ್ಟಿಲ್ಲ."

ಯಾರೂ ಲೋಟ ಎತ್ತಿಕೊಳ್ಳಲಿಲ್ಲ.

"ಎಡಗಡೆ ಅಂತ ಯಾರು ಹೇಳಿದ್ರಮ್ಮ?" ಕೇಳಿದರು ನಮ್ಮತ್ತೆ, ಅದುವರೆಗೆ ನಾನು ಕೇಳಿರದಷ್ಟು ಮೆಲ್ಲಗೆ.

ಅವಳು ಒಂದು ಕ್ಷಣ ನಮ್ಮತ್ತೆಯನ್ನು ನೋಡಿದಳು. ಸಿಕ್ಕಿಬಿದ್ದವಳ ಮುಖ ಅದಾಗಿರಲಿಲ್ಲ. ಚೀಟಿ ಸರಿಯಾಗಿ ಓದಿ, ಔಷಧಿ ತೆಗೆದುಕೊಡಲು ಹೊರಟವಳ ಮುಖ.

"ಸ್ಟೀರಿಂಗ್ ಸೊಟ್ಟ ಇದ್ರೆ ನಂಗೆ ರಿವರ್ಸ್ ತೆಗೆಯೋಕೆ ತುಂಬ ಕಷ್ಟ," ಅಂದಳು. "ನೆಟ್ಟಗೆ ಮಾಡೋದು ಹೇಗೆ ಅಂತ ವಿಡಿಯೋ ನೋಡಿದೆ. ಅದರಲ್ಲಿ ಎಡಗಡೆ ತೋರಿಸಿದ್ರು. ಟೈರ್ ಹಾಳಾಗುತ್ತೆ ಅಂತ ಹೇಳಲಿಲ್ಲ."

"ಕಂಪನಿಯವರಲ್ವಾ ಹಾಗಾದ್ರೆ," ಅಂದರು ಹೆಡ್ ಮೇಡಂ. ತಮ್ಮ ಎದುರಾಳಿಯನ್ನು ಅವರು ಈಗಷ್ಟೇ ಸರಿಯಾಗಿ ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗೌರವವಿತ್ತು.

ಮಗ ನಕ್ಕ. ಬೇರೇನು ಮಾಡಬೇಕೆಂದು ತಿಳಿಯದೆ ನಕ್ಕ. "ನಿಂಗೆ ಡ್ರೈವಿಂಗೇ ಬರಲ್ವಲ್ಲ."

"ಬರುತ್ತೆ."

"ಯಾವಾಗಿಂದ?"

"ಮಧ್ಯಾಹ್ನ ಅಂಗಡಿ ಮುಚ್ಚಿದಾಗ ನಡ್ಕೊಂಡು ಮನೆಗೆ ಬರ್ತೀನಿ. ಅತ್ತೆ ಮಲಗಿರ್ತಾರೆ. ನೀವು ಹಾಕಿರೋ ಗೆರೆ ಒಳಗೇ ಓಡಿಸ್ತೀನಿ. ಫೋನ್ ಕೂಗಲ್ಲ."

"ಯಾಕೆ? ನಿನ್ನ ಎಲ್ಲಿಗೆ ಬೇಕಂದ್ರೂ ನಾನೇ ಬಿಡ್ತೀನಲ್ಲ. ಎಲ್ಲಿಗೆ ಹೋಗ್ತಿದ್ದೆ ಗಾಡಿ ತಗೊಂಡು?"

"ಎಲ್ಲಿಗೂ ಹೋಗಿಲ್ಲ. ಹೋಗೋಕೆ ಅಂತ ಕಲೀತಿದ್ದೆ."

ಫಾರ್ಮಸಿಸ್ಟ್ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಮೇಜಿನ ಮೇಲೆ ಈಗ ಕೀ ಕಾಣಿಸುತ್ತಿರಲಿಲ್ಲ. ಹೆಡ್ ಮೇಡಂ ಅವಳ ಮುಷ್ಟಿಯನ್ನೇ ನೋಡುತ್ತಿದ್ದರು, ಬಿಡಿಸಲು ಕೈ ಮುಂದೆ ಮಾಡಲಿಲ್ಲ.

"ಎಲ್ಲಿಗೆ?" ಮಗ ಮತ್ತೆ ಕೇಳಿದ. ಈ ಸಲ ನಗು ಇರಲಿಲ್ಲ.

"ಸೋಮವಾರ ಹೊರಡ್ತೀನಿ, ಒಬ್ಬಳೇ," ಅಂದಳು.

ಅವನು ಕೇಳಿದ್ದು ಎಲ್ಲಿಗೆ ಎಂದು.